ನಾಲ್ಕು ಮೊಳ

ಊರು ನೋಡುವುದು ಅಂದರೆ ಎಲ್ಲರಿಗೂ ಒಂದೇ ಅಲ್ಲ. ಕೇರಿಯಲ್ಲಿ ಹುಟ್ಟಿದವನಿಗೆ ಊರು ಅನ್ನೋದು ಎದುರಿಗೇ ಇದ್ದೂ ಪೂರ್ತಿ ನೋಡಲಾಗದ ಜಾಗ. ನಮ್ಮೂರ ದೇವಸ್ಥಾನದ ಗೋಪುರದ ಗೊಂಬೆಗಳನ್ನು ನಾನು ಹುಣಸೆಮರದ ಕೆಳಗೆ ನಿಂತು ಎಣಿಸಿದವನು. ಒಳಗೆ ಕಂಬಗಳೆಷ್ಟು ಅಂತ ಇವತ್ತಿಗೂ ಗೊತ್ತಿಲ್ಲ. ಅಂಥವನಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಹಾಲೆಂಡಿನ ಲೈಡನ್ ಪಟ್ಟಣಕ್ಕೆ ಓದಲು ಹೊರಟಾಗ ಅವ್ವ ಹೇಳಿದ್ದು ಇಷ್ಟೇ: 'ಊರೂರು ಚೆನ್ನಾಗ್ ನೋಡ್ಕಂಡ್ ಬಾ ಮಗ. ಅಲ್ಲಿ ಯಾರೂ ನಿನ್ನ ಕೇಳಾಕಿಲ್ಲ.'

ಅವ್ವನ ಮಾತು ಮುಕ್ಕಾಲು ನಿಜವಾಯಿತು. ಅಲ್ಲಿನವರು ಯಾರೂ ಕೇಳಲಿಲ್ಲ. ಕೇಳಿದವರು ನಮ್ಮವರು.

ಲೈಡನ್ನಿನಲ್ಲಿ ನನಗೆ ಪರಿಚಯವಾದ ಕನ್ನಡದ ಹುಡುಗರು ಇಬ್ಬರು. ಒಬ್ಬ ಬೆಂಗಳೂರಿನವನು, ಇನ್ನೊಬ್ಬರು ಧಾರವಾಡದ ಕಡೆಯವರು. ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು ಎಂದು ಹಂಬಲಿಸುತ್ತಿದ್ದ ದಿನಗಳು ಅವು. ಶನಿವಾರ ಬಂದರೆ ಮೂವರೂ ಸೇರಿ ರೈಲು ಹತ್ತುತ್ತಿದ್ದೆವು. ಮೊದಲ ಸಲ ಆಮ್‌ಸ್ಟರ್‌ಡ್ಯಾಮಿಗೆ ಹೊರಟಾಗ ಬೆಂಗಳೂರಿನವನು ಕಿಟಕಿಯಾಚೆಯ ಹಸುಗಳನ್ನು ನೋಡುತ್ತ ಮೆಲ್ಲಗೆ ಕೇಳಿದ, 'ನಿಮ್ಮ ಮನೆದೇವ್ರು ಯಾವ್ದು ಗುರೂ?'

'ಮಾದಪ್ಪ' ಅಂದೆ.

ಮಾದಪ್ಪನ ಒಕ್ಕಲು ಎಲ್ಲ ಜಾತಿಯಲ್ಲೂ ಉಂಟು. ಪಾಪ, ಅವನಿಗೆ ಏನೂ ತಿಳಿಯಲಿಲ್ಲ. 'ಓ, ಹೊಲಮನೆ ಇದೆಯಾ ಹಾಗಾದ್ರೆ?' ಅಂದ. 'ಇದೆ' ಅಂದುಬಿಟ್ಟೆ. ನಮಗೆ ಹೊಲವಿಲ್ಲ. ಅವ್ವ ಕೂಲಿಯವಳು. ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡುಗಳಲ್ಲಿ ಇದ್ದಷ್ಟು ದಿನ ತಾವು ಅಸ್ಪೃಶ್ಯರೆಂಬುದನ್ನೇ ಮರೆತುಬಿಟ್ಟಿದ್ದರಂತೆ. 1917ರಲ್ಲಿ ಬರೋಡಾ ಸ್ಟೇಷನ್ನಿನಲ್ಲಿಳಿದು, ಇಳಿದುಕೊಳ್ಳಲು ಯಾರು ಜಾಗ ಕೊಡುತ್ತಾರೆ ಅನ್ನುವಾಗ ನೆನಪಾಯಿತಂತೆ. ನನಗೆ ಮರೆಯಲು ಒಂದು ತಿಂಗಳೂ ಸಿಗಲಿಲ್ಲ.

ಅಕ್ಟೋಬರ್ 3 ಲೈಡನ್ನಿನ ಹಬ್ಬ. 1574ರಲ್ಲಿ ಸ್ಪೇನಿನ ದಂಡು ಈ ಊರನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ಹಸಿವು, ಪ್ಲೇಗುಗಳಿಂದ ಸಾವಿರಾರು ಜನ ಸತ್ತರು. ಕೊನೆಗೆ ಬಂಡಾಯಗಾರರು ತಮ್ಮ ನೆಲದ ಏರಿಗಳನ್ನೇ ಒಡೆದು, ಹೊಲಗಳ ಮೇಲೆ ನೀರು ಹರಿಸಿ, ಆ ನೀರಿನ ಮೇಲೆ ದೋಣಿಯಲ್ಲಿ ಮೀನು, ಬಿಳಿ ರೊಟ್ಟಿ ತಂದು ಜನರಿಗೆ ಹಂಚಿದರು. ಮಾರನೆಯ ವರ್ಷ, 1575ರಲ್ಲಿ, ಅಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿತು. ಇವತ್ತಿಗೂ ಆ ದಿನ ಹೆರಿಂಗ್ ಮೀನು, ರೊಟ್ಟಿ ಹಂಚುತ್ತಾರೆ. ಮನೆಮನೆಯಲ್ಲಿ ಹುಟ್ಸ್‌ಪಾಟ್ ಎಂಬ ಅಡಿಗೆ. ಆಲೂಗೆಡ್ಡೆ, ಗಜ್ಜರಿ, ಈರುಳ್ಳಿ ಬೇಯಿಸಿ ಮುದ್ದೆಯಾಗಿ ಕಲಸಿ, ಪಕ್ಕದಲ್ಲಿ ದನದ ಮಾಂಸ ಇಡುತ್ತಾರೆ. ಓಡಿಹೋದ ಶತ್ರುವಿನ ಪಾಳೆಯದಲ್ಲಿ ಹಸಿದ ಹುಡುಗನೊಬ್ಬನಿಗೆ ಇಂಥದೇ ಒಂದು ಗಡಿಗೆ ಸಿಕ್ಕಿತ್ತೆಂದು ಕಥೆ.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಅವತ್ತು ಮೂವರನ್ನೂ ಊಟಕ್ಕೆ ಕರೆದಳು. ಗೆಳೆಯರು ಮಾಂಸ ಬೇಡವೆಂದರು. ಅದು ಅವರವರ ಇಷ್ಟ. ಅಜ್ಜಿ ನನ್ನ ಕಡೆ ತಿರುಗಿದಳು. ಆ ವಾಸನೆಗೆ ನಮ್ಮ ಮನೆಯ ಒಲೆ, ಬಾಡಿನೆಸರು ಕುದಿಯುವಾಗ ಸುತ್ತ ಕೂತ ನಾವು ನಾಲ್ಕು ಮಕ್ಕಳು, ಎಲ್ಲ ಕಣ್ಣಮುಂದೆ ಬಂದವು. ಬಾಯಲ್ಲಿ ನೀರೂರಿತ್ತು. ಗೆಳೆಯರಿಬ್ಬರೂ ನನ್ನನ್ನೇ ನೋಡುತ್ತಿದ್ದರು.

'ಬೇಡ, ನಾನೂ ತಿನ್ನಲ್ಲ' ಅಂದೆ.

ಹಸಿದವರ ಹಬ್ಬದ ದಿನ, ಹಸಿವು ಅಂದರೇನೆಂದು ಬಲ್ಲ ನಾನು, ನಮ್ಮವ್ವನ ಅನ್ನವನ್ನು ಅಲ್ಲಗಳೆದೆ.

ಮತ್ತೊಂದು ವಾರ ಆಮ್‌ಸ್ಟರ್‌ಡ್ಯಾಮಿನ ಅರಮನೆ ನೋಡಲು ಹೋದೆವು. 1648ರಲ್ಲಿ ನಗರಸಭೆಯ ಭವನವಾಗಿ ಕಟ್ಟತೊಡಗಿದ್ದು. ಜೌಗು ನೆಲವಾದ್ದರಿಂದ 13,659 ಮರದ ಕಂಬಗಳನ್ನು ನೆಲಕ್ಕೆ ಹೂಳಿ ಅದರ ಮೇಲೆ ನಿಲ್ಲಿಸಿದ್ದಾರೆ. ವರ್ಷದ 365 ದಿನಕ್ಕೆ ಹಿಂದೊಂದು 1, ಮುಂದೊಂದು 9 ಸೇರಿಸಿ ಎಂದು ಅಲ್ಲಿನ ಮಕ್ಕಳಿಗೆ ಲೆಕ್ಕ ಕಲಿಸುತ್ತಾರೆ. ಕಂಬ ನೀರಿನಡಿ ಇದ್ದಷ್ಟು ಕಾಲ ಕೊಳೆಯುವುದಿಲ್ಲ, ಗಾಳಿ ತಾಗಿದರೆ ಕೊಳೆಯುತ್ತದೆ. ಅಡಿಯಲ್ಲಿದ್ದವರು ಅಡಿಯಲ್ಲೇ ಇರಬೇಕು ಅನ್ನುವವರಿಗೆ ಹೇಳಿ ಮಾಡಿಸಿದ ಮರ! ಕಂಬದ ಲೆಕ್ಕ ಸಿಕ್ಕಿತು. ಹೂತವರ ಹೆಸರು ನನಗೆಲ್ಲೂ ಕಾಣಲಿಲ್ಲ.

ನನ್ನ ತರಗತಿಯಲ್ಲಿ ಸುರಿನಾಮ್ ಮೂಲದ ಹುಡುಗಿಯೊಬ್ಬಳಿದ್ದಳು. ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಕಬ್ಬಿನ ತೋಟಕ್ಕೆ ಮಾರಿದ್ದರು. 1683ರಿಂದ ಆ ವಸಾಹತಿನ ಮೂರನೇ ಒಂದು ಪಾಲಿನ ಒಡೆತನ ಈ ಆಮ್‌ಸ್ಟರ್‌ಡ್ಯಾಮ್ ನಗರದ್ದೇ. 1863ರ ಜುಲೈ 1ರಂದು ಗುಲಾಮಗಿರಿ ರದ್ದಾದಾಗ ತಲೆಗೆ 300 ಗಿಲ್ಡರಿನಂತೆ ಪರಿಹಾರ ಕೊಟ್ಟರು. ಗುಲಾಮರಿಗಲ್ಲ, ಮಾಲೀಕರಿಗೆ. ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ತೋಟಗಳಲ್ಲಿ ದುಡಿಯಬೇಕಾಯಿತು. ಆ ಹತ್ತು ವರ್ಷ ಮುಗಿದ 1873ರಲ್ಲೇ ಕಲ್ಕತ್ತೆಯಿಂದ ನಮ್ಮ ದೇಶದ ಕೂಲಿಗಳ ಮೊದಲ ಹಡಗು ಅಲ್ಲಿಗೆ ಹೋಯಿತು. ಓಸ್ಟರ್‌ಪಾರ್ಕಿನ ಗುಲಾಮಗಿರಿಯ ಸ್ಮಾರಕದ ಮುಂದೆ ನಿಂತು ಅವಳು ಇದನ್ನೆಲ್ಲ ತನ್ನ ಮನೆಯ ಸುದ್ದಿಯಂತೆ, ತಲೆಯೆತ್ತಿ ಹೇಳಿದಳು. ನನಗೆ ನಾಚಿಕೆಯಾಯಿತು.

ನಗರಸಭೆಯ ಈಗಿನ ಕಟ್ಟಡದ ಬಳಿ ಅವಳು ಇನ್ನೊಂದು ವಿಗ್ರಹ ತೋರಿಸಿದಳು. ನಿಲುವಂಗಿಯ ತುಂಬ ಹಕ್ಕಿಗಳು. 'ಇವನು ಸ್ಪಿನೋಜ, ತತ್ವಜ್ಞಾನಿ. ಇವನ ಜನವೇ ಇವನನ್ನು ಹೊರಗೆ ಹಾಕಿತು' ಅಂದಳು. ಹುಡುಕಿ ಓದಿದೆ. ಪೋರ್ಚುಗಲ್ಲಿನಿಂದ ಧರ್ಮದ ಹಿಂಸೆಗೆ ಓಡಿಬಂದ ಯಹೂದಿ ಕುಲದವನು. ದೇವರು, ಧರ್ಮಗಳ ಬಗ್ಗೆ ಬೇರೆ ವಿಚಾರ ಹಿಡಿದವನು. 1656ರ ಜುಲೈ 27ರಂದು, ಇಪ್ಪತ್ಮೂರರ ವಯಸ್ಸಿನಲ್ಲಿ, ಬಹಿಷ್ಕಾರ. ಯಾರೂ ಅವನೊಡನೆ ಮಾತಾಡಬಾರದು, ಒಂದೇ ಸೂರಿನಡಿ ಇರಬಾರದು, ಅವನು ಬರೆದದ್ದನ್ನು ಓದಬಾರದು, ಅವನಿಂದ ನಾಲ್ಕು ಮೊಳದೊಳಗೆ ಬರಬಾರದು.

ನಾಲ್ಕು ಮೊಳ! ಓದಿ ಬೆಚ್ಚಿದೆ. ಈ ಅಳತೆಗೋಲು ನನಗೆ ಗೊತ್ತಿರುವುದು.

ಹೇಗ್ ನಗರಕ್ಕೆ ಹೋದ ದಿನ ಗೆಳೆಯರು ಮೌರಿಟ್ಸ್‌ಹೌಸ್ ಚಿತ್ರಶಾಲೆಯಲ್ಲಿ ಮುತ್ತಿನೋಲೆಯ ಹುಡುಗಿಯನ್ನು ನೋಡುತ್ತಿದ್ದರು. ನಾನು ಒಬ್ಬನೇ ಪವಿಲ್ಯೂನ್ಸ್‌ಗ್ರಾಖ್ಟ್ ಎಂಬ ಬೀದಿ ಹುಡುಕಿಕೊಂಡು ಹೋದೆ. ಸ್ಪಿನೋಜ ಕೊನೆಯ ವರ್ಷಗಳಲ್ಲಿ ಬಾಡಿಗೆಗಿದ್ದು, 1677ರಲ್ಲಿ ಸತ್ತ ಮನೆ ಅಲ್ಲಿದೆ. ಮಸೂರ ಉಜ್ಜುವುದು ಅವನ ಕಸುಬು. ದೂರ ಇಡಿಸಿಕೊಂಡವನು ದೂರದ್ದನ್ನು ಹತ್ತಿರ ತೋರಿಸುವ ಗಾಜು ಮಾಡಿ ಅನ್ನ ತಿಂದ. 1673ರಲ್ಲಿ ಕರೆದು ಕೊಟ್ಟ ಪ್ರೊಫೆಸರ್ ಕೆಲಸವನ್ನೂ ಬೇಡವೆಂದ. ಮನೆಯ ಮುಂದೆ 1880ರಲ್ಲಿ ನಿಲ್ಲಿಸಿದ ಅವನ ವಿಗ್ರಹ, ಕೂತ ಭಂಗಿಯದು.

ಅದರ ಎದುರು ನಾನೂ ಕೂತೆ. ಲೆಕ್ಕ ಸರಿಯಾಗಿಡಬೇಕು. ಅವನನ್ನು ಹೊರಗಟ್ಟಿದ್ದು ಅವನ ವಿಚಾರಕ್ಕೆ. ನಮ್ಮನ್ನು ಹೊರಗಿಟ್ಟಿದ್ದು ವಿಚಾರ ಮಾಡುವ ಮೊದಲೇ, ಹುಟ್ಟಿದ ಗಳಿಗೆಯಲ್ಲೇ. ಅವನು ಒಳಗಿದ್ದು ಹೊರಗೆ ಹೋದವನು, ನಾವು ಒಳಗೆ ಇದ್ದದ್ದೇ ಇಲ್ಲ. ಅವನ ದುಃಖ ಬೇರೆ, ನಮ್ಮದು ಬೇರೆ. ಆದರೂ ಒಂದು ಮಾತು ಚುಚ್ಚಿತು. ಅವನೂ 1670ರಲ್ಲಿ ತನ್ನ ಪುಸ್ತಕವನ್ನು ಹೆಸರು ಹಾಕದೆ ಅಚ್ಚು ಮಾಡಿಸಿದ್ದ. ನೋಡು, ಅವನೂ ಮುಚ್ಚಿಟ್ಟ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ಹೋದೆ. ಆಗಲಿಲ್ಲ. ಅವನು ಹೆಸರು ಮುಚ್ಚಿ ಮಾತು ಹೇಳಿದ. ನಾನು ಹೆಸರು ಹೇಳಿ ಅವ್ವನನ್ನು ಮುಚ್ಚಿಟ್ಟೆ.

ಸಂಜೆ ರೈಲಿನಲ್ಲಿ ಹೇಳಿದೆ. ನಮ್ಮದು ಕೇರಿ, ನಮಗೆ ಹೊಲವಿಲ್ಲ, ಅವತ್ತು ಅಜ್ಜಿಯ ಮನೆಯಲ್ಲಿ ನಾನು ಸುಳ್ಳು ಹೇಳಿದೆ. ಬೆಂಗಳೂರಿನವನು 'ಅಯ್ಯೋ, ನಾವೆಲ್ಲ ಅದನ್ನ ನೋಡಲ್ಲ ಗುರೂ' ಅಂದ. ಆಮೇಲಿನ ಶನಿವಾರಗಳಲ್ಲಿ ಅವನಿಗೆ ಯಾವಾಗಲೂ ಓದುವುದಿರುತ್ತಿತ್ತು. ಧಾರವಾಡದವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದನ್ನ ಹೇಳಾಕ ಇಷ್ಟ ದಿನ ಯಾಕ ಬೇಕಾತ್ರೀ ನಿಮಗ?' ಅಂದರು. ನನಗೆ ಸಿಟ್ಟು ಬಂತು. 'ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ನಿಮ್ಮೂರಲ್ಲಿ ಕೇಳಿ ನೋಡಿ' ಅಂದೆ. ಅವರು ತಲೆ ತಗ್ಗಿಸಿದರು. ಆದರೆ ಮುಂದಿನ ಶನಿವಾರ ಬಂದು ಬಾಗಿಲು ತಟ್ಟಿದರು. 'ಇವತ್ತ ಎಲ್ಲಿಗ್ರೀ?'

ಎಲ್ಲಿಗೂ ಹೋಗಲಿಲ್ಲ. ಚಳಿ ಬಿದ್ದಿತ್ತು. ನಾನು ಕೇಳಿಕೊಂಡಿದ್ದಕ್ಕೆ ಅಜ್ಜಿ ಮತ್ತೆ ಹುಟ್ಸ್‌ಪಾಟ್ ಮಾಡಿದ್ದಳು. ನಾನು ಮಾಂಸ ಹಾಕಿಸಿಕೊಂಡು ತಿಂದೆ. ಧಾರವಾಡದವರು ಬರೀ ಗೆಡ್ಡೆಯ ಮುದ್ದೆ ಹಾಕಿಸಿಕೊಂಡು, ಕುರ್ಚಿಯನ್ನು ಎಳೆದು ನನ್ನ ಪಕ್ಕಕ್ಕೇ ಹಾಕಿಕೊಂಡು ಉಂಡರು.

ರಾತ್ರಿ ಅವ್ವನಿಗೆ ಫೋನು ಮಾಡಿದೆ.

'ಏನೇನ್ ನೋಡ್ದೆ ಮಗ?'

ಅರಮನೆ, ಕಾಲುವೆ, ನೀರಿನಡಿಯ ಕಂಬ, ಎಲ್ಲ ಹೇಳಿದೆ. ಕೊನೆಗೆ ಬಾಡು ತಿಂದದ್ದನ್ನೂ ಹೇಳಿದೆ.

'ಖಾರ ಆಕಿದ್ರಾ?'

'ಇಲ್ಲ ಕನವ್ವ, ಬರೀ ಉಪ್ಪು.'

'ಅಯ್ಯೋ, ಅದ್ಯಾವ್ ಬಾಡ್ಲಾ!' ಎಂದು ನಕ್ಕಳು.

ಮೊದಲ ಸಲ ಬೇಡ ಅಂದಿದ್ದನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಅವ್ವನಿಗೆ ಓದು ಬಾರದು. ಊರಿಗೆ ಹೋದಾಗ ಎದುರು ಕೂತು ನಾನೇ ಓದಿ ಹೇಳಬೇಕು.