ಕಾಟಾದಿಂದ ಆಫೀಸಿಗೆ ಒಂದು ಗಾಜಿನ ಎಳೆ

ನಮ್ಮ ಕಡೆ ಕಬ್ಬು ಬೆಳೆಗಾರರಿಗೂ ಸಕ್ಕರೆ ಫ್ಯಾಕ್ಟರಿಗೂ ಜಗಳ ಹುಟ್ಟುವ ಜಾಗ ಎಂದರೆ ತೂಕದ ಕಾಟಾ. ತುಂಬಿದ ಟ್ರ್ಯಾಕ್ಟರ್ ಒಮ್ಮೆ, ಖಾಲಿಯಾದ ಮೇಲೆ ಇನ್ನೊಮ್ಮೆ ಅದರ ಮೇಲೆ ನಿಲ್ಲುತ್ತದೆ. ಆ ಎರಡು ಅಂಕಿಗಳ ವ್ಯತ್ಯಾಸವೇ ರೈತನ ವರ್ಷದ ದುಡಿಮೆ. ಕಾಟಾದ ಕಂಪ್ಯೂಟರಿಗೂ ಆಫೀಸಿಗೂ ಸಂಪರ್ಕ ಕಡಿದರೆ ತೂಕವನ್ನು ಚೀಟಿಯಲ್ಲಿ ಕೈಯಿಂದ ಬರೆಯುತ್ತಾರೆ. ಕೈಬರಹ ಬಂತೆಂದರೆ ಅನುಮಾನವೂ ಬಂತು. ಅತ್ತ ಸಾಲಿನಲ್ಲಿ ನಿಂತ ಕಬ್ಬು ಒಣಗಿ ತೂಕ ಇಳಿಯುತ್ತಿರುತ್ತದೆ.

ದೊಡ್ಡಪ್ಪನ ಮಗ ಐಟಿಐ ಮಾಡಿ ಇಂಥದೇ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಕಾಟಾದಿಂದ ಆಫೀಸಿಗೆ ಸುಮಾರು 400 ಮೀಟರ್. ತಾಮ್ರದ ಈಥರ್ನೆಟ್ ಕೇಬಲಿನ ಮಿತಿ 100 ಮೀಟರ್. ಹಾಗಾಗಿ ನಡುನಡುವೆ ಸ್ವಿಚ್ ಇಟ್ಟು ಎಳೆದಿದ್ದರು. ಗುಡುಗು ಮಳೆ ಬಂದಾಗಲೆಲ್ಲ ಯಾವುದಾದರೊಂದು ಸುಡುತ್ತಿತ್ತು. ಹೋದ ಹಂಗಾಮಿಗೆ ಮುಂಚೆ ಅದನ್ನೆಲ್ಲ ಕಿತ್ತು ಫೈಬರ್ ಹಾಕುವಾಗ ನಾನೂ ಜೊತೆಗೆ ಹೋಗಿದ್ದೆ.

ಫೈಬರಿನಲ್ಲಿ ಹರಿಯುವುದು ಬೆಳಕು, ಕಂಪ್ಯೂಟರಿಗೆ ಬೇಕಾದದ್ದು ವಿದ್ಯುತ್ ಸಂಕೇತ. ನಡುವಿನ ದುಭಾಷಿಯೇ ಮೀಡಿಯಾ ಕನ್ವರ್ಟರ್. ಎರಡೂ ತುದಿಗೆ ಒಂದೊಂದು ಬೇಕು, ಎರಡೂ ಒಂದೇ ಜಾತಿಯವಾಗಿರಬೇಕು: ಸಿಂಗಲ್ ಮೋಡ್ ಆದರೆ ಎರಡೂ ಸಿಂಗಲ್ ಮೋಡ್, ವೇಗವೂ ಒಂದೇ.

ಅಣ್ಣ ಡಬ್ಬಿಯನ್ನು ಪ್ಯಾನೆಲ್ಲಿನ 35 ಮಿಲಿಮೀಟರ್ ಡಿನ್ ರೈಲಿಗೆ ಸಿಕ್ಕಿಸಿದ. ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಆಮೇಲೆ 24 ವೋಲ್ಟ್ ಡಿಸಿ, ಪ್ಲಸ್ ಮೈನಸ್ ಮೀಟರಿನಲ್ಲಿ ನೋಡಿಯೇ. ಪವರಿಗೆ ಎರಡು ಜಾಗ ಇದ್ದವು. ಒಂದಕ್ಕೆ ಪ್ಯಾನೆಲ್ಲಿನದು, ಇನ್ನೊಂದಕ್ಕೆ ಬ್ಯಾಟರಿಯದು. ಒಂದು ಹೋದರೂ ಇನ್ನೊಂದು ಹಿಡಿದುಕೊಳ್ಳುತ್ತದೆ.

ಫೈಬರಿನ ಟೊಪ್ಪಿಗೆ ತೆಗೆದದ್ದು ಕೊನೆಗೆ. ತುದಿ ಒರೆಸಿ, "ಬೆಳಕು ಕಾಣಂಗಿಲ್ಲ ಅಂತ ಒಳಗ ಇಣುಕಿ ನೋಡಬ್ಯಾಡ ತಮ್ಮಾ, ಕಣ್ಣು ಹೊಕ್ಕಾವು" ಅಂದ. ಟಿಎಕ್ಸ್ ತಂತು ಆಚೆಯ ಆರ್‌ಎಕ್ಸ್‌ಗೆ ಹೋಗಬೇಕು. "ಬಾಯಿ ಕಿವಿಗೆ ಹಚ್ಚಬೇಕು. ಬಾಯಿಗೆ ಬಾಯಿ ಹಚ್ಚಿದ್ರ ಕೇಳೋರು ಯಾರು?" ಉಳಿದ ಫೈಬರನ್ನು ಬಳೆಗಿಂತ ಸಣ್ಣದಾಗಿ ಸುತ್ತಲಿಲ್ಲ, ಬಿಗಿಯಾಗಿ ಬಾಗಿದರೆ ಬೆಳಕು ಸೋರುತ್ತದೆ. ಗಾಜಿನಲ್ಲಿ ಸಿಡಿಲು ಹರಿಯದು, ಆದರೆ ಕೇಬಲಿನ ಉಕ್ಕಿನ ಕವಚದಲ್ಲಿ ಹರಿಯುತ್ತದೆ. ಅದಕ್ಕೇ ಕವಚಕ್ಕೂ ಅರ್ಥಿಂಗ್ ಕೊಟ್ಟ.

ಕೊನೆಗೆ ತಾಮ್ರದ ಕೇಬಲ್ ಹಾಕಿದ, ದೀಪಗಳು ಹತ್ತಿದವು. ಅಷ್ಟಕ್ಕೇ ಬಿಡದೆ, ಬೇಕೆಂದೇ ಫೈಬರ್ ಕಿತ್ತ. ತಾಮ್ರದ ಕಡೆಯ ದೀಪವೂ ಆರಿತು. ಸಂಪರ್ಕ ಹೋದದ್ದನ್ನು ಡಬ್ಬಿ ಮುಚ್ಚಿಡಬಾರದು, ಆಫೀಸಿಗೆ ತಕ್ಷಣ ಗೊತ್ತಾಗಬೇಕು. ಅದಕ್ಕೆಂದು ಅದರಲ್ಲೊಂದು ಸಣ್ಣ ಸ್ವಿಚ್ ಇರುತ್ತದೆ.

ಇದರಿಂದ ಕಾಟಾ ಪ್ರಾಮಾಣಿಕವಾಯಿತೇ? ಇಲ್ಲ. ಕಾಟಾ ಹೇಳಿದ್ದನ್ನು ತಂತಿ ಹಾಗೇ ತಲುಪಿಸುತ್ತದೆ, ಅಷ್ಟೆ. ಕಾಟಾ ಸರಿ ಇದೆಯೇ ಎನ್ನುವುದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನೇ ನೋಡಬೇಕು. ಆದರೆ ತೂಕ ಮತ್ತು ಲೆಕ್ಕದ ನಡುವೆ ಪೆನ್ನು ಹಿಡಿದ ಒಂದು ಕೈ ಕಡಿಮೆಯಾಯಿತು. ತೂಕದ ಮೋಸದ ಸುದ್ದಿ ಬರೆಯಲು ಹೋಗುವ ಗೆಳೆಯರೇ, ಮುದ್ರೆಯ ತಾರೀಕಿನ ಜೊತೆಗೆ ಇದನ್ನೂ ಕೇಳಿ: ಲೈನ್ ಹೋದ ದಿನ ತೂಕ ಬರೆದವರು ಯಾರು?