ಶಾಸಕರ ಸೀಟು ಖಾಲಿಯಿದೆ

ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸಿನಲ್ಲಿ ಓಡಾಡಿದವರು ನೋಡಿರುತ್ತೀರಿ. ಮುಂದಿನ ಸೀಟೊಂದರ ಕಿಟಕಿಯ ಮೇಲೆ ಬಣ್ಣದಲ್ಲಿ ‘ವಿಧಾನಸಭಾ ಸದಸ್ಯ’ ಎಂದು ಬರೆದಿರುತ್ತದೆ. ಅಲ್ಲಿ ಸಂತೆಗೆ ಹೊರಟ ಮುದುಕಿಯೋ ಕಾಲೇಜು ಹುಡುಗನೋ ಆರಾಮಾಗಿ ಕೂತಿರುತ್ತಾರೆ. ಶಾಸಕರು ಬಂದು ಎಬ್ಬಿಸಿಯಾರು ಎಂಬ ಅಂಜಿಕೆ ಯಾರಿಗೂ ಇಲ್ಲ. ಆ ಸೀಟಿಗೆ ನಿಜವಾದ ಹಕ್ಕುದಾರರಾಗಿದ್ದವರು ಎಸ್‌ಟಿ ಬಸ್ಸಿನಲ್ಲೇ ಓಡಾಡುತ್ತಿದ್ದ ಸಾಂಗೋಲಾದ ಶಾಸಕ ಗಣಪತರಾವ್ ದೇಶಮುಖ್. 2021ರ ಜುಲೈ 30ರಂದು ಸೊಲ್ಲಾಪುರದಲ್ಲಿ ಅವರು ತೀರಿಕೊಂಡರು. ವಯಸ್ಸು ತೊಂಬತ್ತು ದಾಟಿತ್ತು.

ಸಾಂಗೋಲಾ ನಮಗೇನೂ ಪರಸ್ಥಳವಲ್ಲ. ಒಂದು ಮಗ್ಗುಲಿಗೆ ಪಂಢರಪುರ, ಇನ್ನೊಂದು ಮಗ್ಗುಲಿಗೆ ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ, ತೆಂಕಣಕ್ಕೆ ಕನ್ನಡ ಮಾತಾಡುವ ಜತ್ತ ಸೀಮೆ. ಖಿಲಾರಿ ಎತ್ತಿನ ಹುಚ್ಚಿರುವ ನಮ್ಮ ಕಡೆಯ ರೈತರಿಗೆ ಸಾಂಗೋಲಾದ ದನದ ಸಂತೆ ಚೆನ್ನಾಗಿ ಗೊತ್ತು. ಮಳೆಯೂ ನಮ್ಮಂತೆಯೇ, ಬಂದರೆ ಬಂತು. ವಕೀಲರಾಗಿದ್ದ ದೇಶಮುಖರು 1962ರಲ್ಲಿ ಮೊದಲ ಸಲ ಗೆದ್ದದ್ದು ಇಂಥ ಬರದ ನೆಲದಿಂದ. 1972ರಲ್ಲಿ ಸೋತರು, 1974ರ ಉಪಚುನಾವಣೆಯಲ್ಲಿ ಮರಳಿದರು. 1995ರಲ್ಲಿ ಕೂದಲೆಳೆಯ ಅಂತರದಲ್ಲಿ ಮತ್ತೆ ಸೋತರು. ಉಳಿದಂತೆ 2014ರವರೆಗೆ ಗೆದ್ದದ್ದು ಒಟ್ಟು ಹನ್ನೊಂದು ಬಾರಿ. ಕ್ಷೇತ್ರ ಒಂದೇ, ಪಕ್ಷವೂ ಒಂದೇ.

ದಾಖಲೆಯ ಮಾತಾದರೆ ಕೇರಳದ ಕೆ.ಎಂ. ಮಾಣಿ ಪಾಲಾ ಕ್ಷೇತ್ರದಿಂದ ಹದಿಮೂರು ಸಲ ಗೆದ್ದವರು. ಆದರೆ ಮಾಣಿ ಅವರ ಬಹುಕಾಲ ಮಂತ್ರಿಗಿರಿಯಲ್ಲಿ ಕಳೆಯಿತು. ದೇಶಮುಖರು ಎರಡು ಸಲ, 1978ರಲ್ಲಿ ಮತ್ತು 1999ರಲ್ಲಿ, ಸಂಪುಟ ಸೇರಿದ್ದು ಬಿಟ್ಟರೆ ಆಯುಷ್ಯವನ್ನೆಲ್ಲ ವಿರೋಧ ಪಕ್ಷದ ಬೆಂಚಿನ ಮೇಲೆ ಸವೆಸಿದರು. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಸರ್ಕಾರ ನಮ್ಮದಲ್ಲ, ಅನುದಾನ ಸಿಗುತ್ತಿಲ್ಲ, ಕ್ಷೇತ್ರದ ಅಭಿವೃದ್ಧಿಗಾಗಿ ಪಕ್ಷ ಬಿಟ್ಟೆ ಎಂಬ ಮಾತು ಇವತ್ತು ಎಷ್ಟು ಬಾಯಲ್ಲಿ ಕೇಳುತ್ತೇವೆ!

ದೇಶಮುಖರ ಶೇತಕರಿ ಕಾಮಗಾರ್ ಪಕ್ಷದ, ಅಂದರೆ ರೈತ ಕಾರ್ಮಿಕರ ಪಕ್ಷದ, ಕತೆಯೂ ಹಾಗೇ ಇದೆ. 1947ರಲ್ಲಿ ಕಾಂಗ್ರೆಸ್ಸಿನಿಂದ ಸಿಡಿದು ಇದನ್ನು ಕಟ್ಟಿದ ಕೇಶವರಾವ್ ಜೇಧೆ, ಶಂಕರರಾವ್ ಮೋರೆ ಅವರೇ ಮುಂದೆ ಕಾಂಗ್ರೆಸ್ಸಿಗೆ ಮರಳಿದರು. ಕಟ್ಟಿದವರು ಹೋದರು, ಆಮೇಲೆ ಬಂದ ಗಣಪತರಾವ್ ಉಳಿದರು. ‘ಭಾಯಿ’ ಎಂದು ಒಬ್ಬರನ್ನೊಬ್ಬರು ಕರೆಯುವ ಆ ಕೆಂಪು ಬಾವುಟದ ಪಕ್ಷ ವರ್ಷದಿಂದ ವರ್ಷಕ್ಕೆ ಸೊರಗಿತು, ಸಾಂಗೋಲಾ ಮಾತ್ರ ಸೊರಗಲಿಲ್ಲ. ಗಣಪತರಾವ್ ಧನಗರರು, ಅಂದರೆ ನಮ್ಮ ಹಾಲುಮತದವರ ಬಳಗ. ಆ ವೋಟುಗಳ ಬಲ ಅವರಿಗಿತ್ತು ಎನ್ನುವುದು ಸುಳ್ಳಲ್ಲ. ಆದರೆ ಬರೀ ಜಾತಿಯ ಬಲದಿಂದ ಐವತ್ತು ವರ್ಷ ನಿಲ್ಲಲು ಆಗುವುದಿಲ್ಲ.

ನಿಲ್ಲಿಸಿದ್ದು ನೀರಿನ ಕೆಲಸ. ಕೃಷ್ಣಾ ಕೊಳ್ಳದ ನೀರಿನಲ್ಲಿ ಬರದ ತಾಲ್ಲೂಕುಗಳಿಗೂ ಸಮಪಾಲು ಬೇಕೆಂದು ಸ್ವಾತಂತ್ರ್ಯ ಹೋರಾಟಗಾರ ನಾಗನಾಥಣ್ಣಾ ನಾಯಕವಡಿಯವರೊಂದಿಗೆ ಆಟಪಾಡಿಯ ಪಾಣಿ ಪರಿಷತ್ತಿನಲ್ಲಿ ವರ್ಷಗಟ್ಟಲೆ ಹಟ ಹಿಡಿದರು. ಟೇಂಭು, ಮ್ಹೈಸಾಳ ಏತ ನೀರಾವರಿಗಳ ಹಿಂದೆ ಈ ಹಟವಿದೆ. ಸಾಂಗೋಲಾದಲ್ಲಿ ಸಹಕಾರಿ ನೂಲಿನ ಗಿರಣಿ ನಿಂತಿತು, ದಾಳಿಂಬೆ ತೋಟಗಳು ಎದ್ದವು. ಬಸ್ಸಿನ ಸರಳತೆಯನ್ನೇ ಹೊಗಳುವವರು ಈ ಕೆಲಸವನ್ನು ಮರೆಯುತ್ತಾರೆ. ಬಸ್ಸಿನಲ್ಲಿ ಓಡಾಡಿಯೂ ಏನೂ ಮಾಡದ ಶಾಸಕ ಯಾರಿಗೆ ಬೇಕು? ಬಸ್ಸಿನಿಂದ ಆದ ಲಾಭವೆಂದರೆ, ಅವರಿಗೆ ಅಹವಾಲು ಹೇಳಲು ಯಾರೂ ಆಪ್ತ ಸಹಾಯಕನ ಕೈಕಾಲು ಹಿಡಿಯಬೇಕಿರಲಿಲ್ಲ, ಪಕ್ಕದಲ್ಲಿ ಕೂತರೆ ಸಾಕಿತ್ತು.

2019ರಲ್ಲಿ ವಯಸ್ಸಾಯಿತೆಂದು ಅವರು ನಿಲ್ಲಲಿಲ್ಲ. ಮೊಮ್ಮಗ ನಿಂತು 768 ಮತಗಳಿಂದ ಸೋತರು. ಗೆದ್ದವರು, 1995ರಲ್ಲಿ ಅಜ್ಜನನ್ನು ಸೋಲಿಸಿದ್ದ ಶಹಾಜಿಬಾಪು ಪಾಟೀಲರೇ. ಮೂರು ವರ್ಷ ಕಳೆಯುವುದರೊಳಗೆ ಅದೇ ಸಾಂಗೋಲಾದ ಶಾಸಕರು ಪಕ್ಷದ ವಿರುದ್ಧ ಬಂಡೆದ್ದವರ ಜೊತೆ ಸೇರಿ ಗುವಾಹಟಿಯ ಹೋಟೆಲಿನಿಂದ ಫೋನಿನಲ್ಲಿ ಅಲ್ಲಿನ ಬೆಟ್ಟವನ್ನೂ ಹೋಟೆಲನ್ನೂ ಬಣ್ಣಿಸಿದ್ದು ದೇಶಕ್ಕೆಲ್ಲ ತಮಾಷೆಯಾಯಿತು. ನಾವು ನಗುವ ಹಾಗಿಲ್ಲ. 2019ರಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತದ್ದು ಯಾರು ಮರೆತಾರು?

2024ರಲ್ಲಿ ಸಾಂಗೋಲಾ ಮತ್ತೆ ದೇಶಮುಖರ ಮನೆಗೆ ಬಂತು, ಇನ್ನೊಬ್ಬ ಮೊಮ್ಮಗ ಬಾಬಾಸಾಹೇಬರು ಗೆದ್ದರು. ಇದನ್ನು ಮನೆತನದ ರಾಜಕಾರಣ ಎಂದು ಯಾರಾದರೂ ಮೂಗು ಮುರಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. 288 ಸ್ಥಾನಗಳ ಆ ವಿಧಾನಸಭೆಯಲ್ಲಿ ಶೇತಕರಿ ಕಾಮಗಾರ್ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ.