ಹಂಚು ಕೈಯಾಡಿಸುವ ಸುಖ

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಾನು ಮಾಡಿಗೆ ಏಣಿ ಇಡುತ್ತೇನೆ. ಮೇ 24ರ ಆಸುಪಾಸಿನ ಆ ದಿನ ಕಳೆಯಿತೆಂದರೆ ವರ್ಕಾಡಿಯಲ್ಲಿ ಮೋಡವನ್ನು ನಂಬುವಂತಿಲ್ಲ. ನಾಲ್ಕು ತಿಂಗಳ ಮಳೆಗಾಲದಲ್ಲೇ ಮೂರು ಸಾವಿರ ಮಿಲಿಮೀಟರಿನ ಹತ್ತಿರ ಸುರಿಯುವ ಜಿಲ್ಲೆ ನಮ್ಮದು. ಅದಕ್ಕೆ ಮೊದಲೇ ಹಂಚು ಕೈಯಾಡಿಸಿ ಆಗಬೇಕು. ಊರಿನವರಿಗೆ ಅದೊಂದು ತಲೆಬಿಸಿ. ನಾನಾದರೋ ವರ್ಷವಿಡೀ ಅದಕ್ಕೇ ಕಾಯುವವನು.

ಕೆಲಸ ಶುರುವಾಗುವುದು ಮೇಲಲ್ಲ, ಅಟ್ಟದಲ್ಲಿ. ನಡುಮಧ್ಯಾಹ್ನ ಹೋಗಿ ಕತ್ತಲಲ್ಲಿ ಸುಮ್ಮನೆ ಕೂತರೆ, ಸಂದುಗಳೆಲ್ಲ ತಾವಾಗಿಯೇ ಬೆಳಕಿನ ಚುಕ್ಕಿಗಳಾಗಿ ಕಾಣುತ್ತವೆ. ಕಂಡಲ್ಲಿ ಒಂದೊಂದು ತೆಂಗಿನ ಕಡ್ಡಿ ತೂರಿಸಿ ಬಂದರಾಯಿತು, ಮೇಲೇರಿದಾಗ ಎಲ್ಲಿ ಹುಡುಕಬೇಕೆಂದು ಅವೇ ಹೇಳುತ್ತವೆ. ಮಾಡಿನ ಮೇಲೆ ಕಾಲಿಡುವುದಕ್ಕೂ ಒಂದು ಲೆಕ್ಕವಿದೆ: ಕೆಳಗೆ ರೀಪು ಇರುವಲ್ಲಿ, ಹಂಚಿನ ಮೇಲೆ ಹಂಚು ಕೂತ ಅಂಚಿನಲ್ಲಿ. ನಡುವೆ ಮೆಟ್ಟಿದರೆ ಲಟಕ್ಕೆನ್ನುತ್ತದೆ. ಅನುಮಾನ ಬಂದದ್ದನ್ನು ಬೆರಳ ಗೆಣ್ಣಿನಿಂದ ಬಡಿಯಬೇಕು. ಗಟ್ಟಿ ಹಂಚು ಠಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದದ್ದು ಬೊದ್ದು ದನಿ ಕೊಡುತ್ತದೆ.

ಸೋರುವುದಕ್ಕೆಲ್ಲ ಒಡಕೇ ಕಾರಣವೆಂದುಕೊಳ್ಳಬೇಡಿ. ಹಂಚಿನ ಬದಿಯ ಚಾಲಿನಲ್ಲಿ ತರಗೆಲೆಯ ಪುಡಿ, ಮಣ್ಣು ತುಂಬಿ, ನೀರು ಹರಿಯಲಾರದೆ ಉಕ್ಕಿ ಒಳಗಿಳಿಯುವುದೇ ಹೆಚ್ಚು. ಹಿಡಿಸೂಡಿಯಲ್ಲಿ ಉಜ್ಜಿದರೆ ಅರ್ಧ ಮಳೆಗಾಲ ಗೆದ್ದಂತೆ. ಉಳಿದರ್ಧ ಮಂಗಗಳ ಕೈಯಲ್ಲಿ.

ಬದಲಿಸಬೇಕಾದ ಹಂಚನ್ನು ಮಗುಚಿದಾಗ ಕಾಣುವ ಕಾರ್ಖಾನೆಯ ಮೊಹರು ಓದುವುದು ನನ್ನ ಚಟ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಇನ್ನೆಷ್ಟೋ ಎದ್ದವು. ಒಬ್ಬರ ಹಂಚು ಇನ್ನೊಬ್ಬರದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂರಿಸಿದರೂ ಅಲ್ಲೊಂದು ಸಂದು ಖಂಡಿತ. ಹಾಗಾಗಿ ಹಟ್ಟಿಯ ಹಿಂದೆ ಮೊಹರುವಾರು ವಿಂಗಡಿಸಿ ಒಟ್ಟಿಟ್ಟಿದ್ದೇನೆ. ಮನೆಯವರಿಗೆ ಅದು ಹಾವಿನ ಬಿಡಾರ, ನನಗೆ ತಿಜೋರಿ.

ಟಾರಸಿ ಹಾಕಿಸಿದವರು ನನ್ನನ್ನು ಕಂಡು ನಗುತ್ತಿದ್ದರು. ಈಗ ಅವರೇ ಟಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಿದ್ದಾರೆ. ಕಾಂಕ್ರೀಟಿನಲ್ಲಿ ನೀರು ಒಂದು ಕಡೆ ಇಳಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಹಂಚಿನ ಮಾಡಿಗೆ ಅಷ್ಟು ಕಪಟವಿಲ್ಲ: ಮೇಲಿನದನ್ನೂ ಪಕ್ಕದ್ದನ್ನೂ ತುಸು ಎತ್ತಿ, ಕೆಟ್ಟದ್ದನ್ನು ಎಳೆದು, ಹೊಸದನ್ನು ಜಾರಿಸಿದರೆ ಮುಗಿಯಿತು.

ಮಾಡು ಮುಗಿದರೆ ಉಳಿದವೆಲ್ಲ ಚಿಲ್ಲರೆ. ಗಾಳಿಮಳೆ ಬಡಿಯುವ ಪಡುವಣ ಗೋಡೆಗೆ ಮಡಲಿನ ತಟ್ಟಿ, ಅಂಗಳದ ಪಾಚಿಯಲ್ಲಿ ಜಾರದಂತೆ ಅಡಿಕೆ ದಬ್ಬೆ, ಗುಡ್ಡೆಯ ನೀರು ಅಡಿಪಾಯಕ್ಕೆ ಬಾರದಂತೆ ಕಣಿ. ಆಟಿಯಲ್ಲಿ ಮಾಡುವುದಕ್ಕೇನೂ ಇಲ್ಲ, ಹಪ್ಪಳ ತಿನ್ನುತ್ತ ಮಾಡಿನ ಸದ್ದು ಕೇಳಬಹುದು. ತುಲಾ ತಿಂಗಳ ಸಂಜೆಯ ಗುಡುಗು ಮಾತ್ರ ಬೇರೆ ಜಾತಿಯದು. ಮಧ್ಯಾಹ್ನ ಮೂಡಣ ಗುಡ್ಡೆ ಕಪ್ಪಾಗುವಾಗಲೇ ಟಿವಿ, ಪಂಪು, ಇಂಟರ್ನೆಟ್ಟಿನ ವಯರುಗಳನ್ನೆಲ್ಲ ಕಿತ್ತಿಡಬೇಕು. ಹೊಳೆಯುವುದಕ್ಕೆ ಶುರುವಾದ ಮೇಲೆ ಮುಟ್ಟಹೋಗುವುದು ಮೂರ್ಖತನ.

ಚಳಿಗಾಲದ ಒಣಹವೆಯಲ್ಲಿ ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಯುತ್ತೇನೆ. ಒರಲೆ ಹತ್ತಿರ ಸುಳಿಯುವುದಿಲ್ಲ. ಆ ಘಾಟಿಗೆ ನೆಂಟರೂ ಸುಳಿಯುವುದಿಲ್ಲ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಬೇಕು. ಅಷ್ಟರಲ್ಲಿ ಪದವಿನ ಮುಳಿಹುಲ್ಲು ಒಣಗಿ ಕಿಡಿಗೆ ಕಾದಿರುತ್ತದೆ. ಮನೆಯ ಬೇಲಿಯಾಚೆ ನಾಲ್ಕು ಮಾರು ಕೆತ್ತಿ ಬರಿನೆಲ ಮಾಡುತ್ತೇನೆ.

ಹಳೇಮನೆಗಳನ್ನು ಕೆಡವುವ ಕಾಲವೂ ಅದೇ. ಎಲ್ಲಾದರೂ ಮಾಡು ಇಳಿಸುತ್ತಾರೆಂಬ ಸುದ್ದಿ ಮಜೀರ್ಪಳ್ಳದ ಪೇಟೆಯಲ್ಲಿ ಕಿವಿಗೆ ಬಿದ್ದರೆ, ಪಿಕಪ್ ಹಿಡಿದು ಹೊರಡುತ್ತೇನೆ. ಬೆಲೆ ಕೇಳುವುದು ಆಮೇಲೆ, ಮೊದಲು ಒಂದು ಹಂಚು ಮಗುಚಿ ನೋಡುತ್ತೇನೆ.